ಕಾರಿನ ಚಕ್ರಕ್ಕೆ ಸ್ಪೇಸರ್ ಮತ್ತು ಉದ್ದ ಸ್ಟಡ್: ಮುಂಬಯಿಯ ವಾಹನ ಮಾಲೀಕರು ತಿಳಿದಿರಬೇಕಾದ ವಿಷಯಗಳು

ಮುಂಬಯಿ ಮಹಾನಗರದ ಕುರ್ಲಾದಿಂದ ಕಲೀನಾ ಕಡೆಗೆ ಸಾಗುವ ಸಿ.ಎಸ್.ಟಿ. ರಸ್ತೆಯಲ್ಲಿ ಮೋಟಾರು ವಾಹನಗಳ ಬಿಡಿಭಾಗ ಹಾಗೂ ಅಲಂಕಾರ ಸಾಮಗ್ರಿಗಳ ಅಂಗಡಿಗಳು ಸಾಲುಸಾಲಾಗಿವೆ. ಹೊಳೆಯುವ ಅಲಾಯ್ ಚಕ್ರ, ಅಗಲವಾದ ಟೈರು ಮುಂತಾದವುಗಳೊಡನೆ ಅಲ್ಯೂಮಿನಿಯಂನಿಂದ ಮಾಡಿದ ದುಂಡನೆಯ ಬಿಲ್ಲೆಯೊಂದೂ ಇಂತಹ ಅಂಗಡಿಗಳಲ್ಲಿ ದೊರೆಯುತ್ತದೆ. ಕಾರಿನ ಹಬ್‌ಗೂ ಚಕ್ರಕ್ಕೂ ನಡುವೆ ಇದನ್ನು ಸೇರಿಸಿದಾಗ ಚಕ್ರವು ಬಿಲ್ಲೆಯ ದಪ್ಪದಷ್ಟು ಹೊರಕ್ಕೆ ಸರಿದು ನಿಲ್ಲುತ್ತದೆ. ಇದಕ್ಕೆ ಸ್ಪೇಸರ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ‘ಅಂತರಿಕೆ’ ಎಂದು ಕರೆಯಲು ಅಡ್ಡಿಯಿಲ್ಲ. ಆದರೆ ಆ ಹೆಸರು ಹೇಳಿ ಕೇಳಿದವರಿಗೆ ಯಾವ ಅಂಗಡಿಯವನೂ ಸಾಮಾನು ಕೊಡಲಾರ. ಆದುದರಿಂದ ಸ್ಪೇಸರ್, ಸ್ಟಡ್, ನಟ್, ಹಬ್ ಎಂಬ ಬಳಕೆಯ ಪದಗಳನ್ನೇ ಇಲ್ಲಿ ಉಳಿಸಿಕೊಳ್ಳಲಾಗಿದೆ.

ಸ್ಪೇಸರ್ ಹಾಕಿಸುವವರಲ್ಲಿ ಎರಡು ಬಗೆಯವರುಂಟು. ಹೊಸದಾಗಿ ಕೊಂಡ ಚಕ್ರವು ಬ್ರೇಕಿನ ಕ್ಯಾಲಿಪರ್‌ಗೋ ಸಸ್ಪೆನ್ಷನ್ನಿನ ಕಂಬಕ್ಕೋ ತಾಗುವುದರಿಂದ ಅನಿವಾರ್ಯವಾಗಿ ಹಾಕಿಸುವವರು ಒಂದು ಬಗೆ. ಚಕ್ರವು ಮಡ್‌ಗಾರ್ಡಿನ ಅಂಚಿಗೆ ಸಮನಾಗಿ ನಿಂತರೆ ಕಾರು ಅಗಲವಾಗಿ, ಗತ್ತಿನಿಂದ ಕಾಣುವುದೆಂದು ಹಾಕಿಸುವವರು ಇನ್ನೊಂದು ಬಗೆ. ಮೊದಲನೆಯವರು ಸರಿಯಾದ ಅಳತೆಯ ಚಕ್ರವನ್ನೇ ಆರಿಸಿಕೊಂಡಿದ್ದರೆ ಸ್ಪೇಸರಿನ ಅಗತ್ಯವೇ ಬೀಳುತ್ತಿರಲಿಲ್ಲ. ಎರಡನೆಯವರು ಅಂದಕ್ಕಾಗಿ ತೆರುವ ಬೆಲೆ ಎಷ್ಟೆಂಬುದನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಕಾನೂನಿನ ನಿಲುವು

ತಾಂತ್ರಿಕ ವಿಷಯಕ್ಕೆ ಮುನ್ನ ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಂದ ಭಿನ್ನವಾಗುವ ರೀತಿಯಲ್ಲಿ ಯಾವ ಮಾಲೀಕನೂ ತನ್ನ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು ಈ ನಿಬಂಧನೆಯನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ 6 ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಹೊರಗಿನಿಂದ ಬಿಡಿಭಾಗ ತಂದು ಜೋಡಿಸುವುದೂ ಈ ಮಾತಿನ ವ್ಯಾಪ್ತಿಗೆ ಸೇರಿದೆ.

ಅಂಗಡಿಯವನು ‘ಎಲ್ಲರೂ ಹಾಕಿಸುತ್ತಾರೆ, ಸಾಬ್’ ಎಂದು ಹೇಳುವುದು ಕಾನೂನಿನ ಮುಂದೆ ಉತ್ತರವಾಗದು. ಹಣ ಕೊಡುವ ಮೊದಲೇ ತಮ್ಮ ವಾಹನವು ನೋಂದಣಿಯಾಗಿರುವ ತಾಡದೇವ, ಅಂಧೇರಿ, ವಡಾಲಾ ಅಥವಾ ಬೊರಿವಲಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿಕೊಳ್ಳುವುದು ಕ್ಷೇಮ. ವಿಮಾ ಸಂಸ್ಥೆಗೂ ಲಿಖಿತವಾಗಿ ತಿಳಿಸಬೇಕು. ತಿಳಿಸದೆ ಮಾಡಿಸಿದ ಬದಲಾವಣೆಯು ಅಪಘಾತವಾದ ಮೇಲೆ ಬೆಳಕಿಗೆ ಬಂದರೆ ಪರಿಹಾರದ ಕೋರಿಕೆಗೆ ತೊಡಕುಂಟಾಗಬಹುದು. ಈ ಎರಡು ಕಡೆಗಳಿಂದಲೂ ಅಡ್ಡಿಯಿಲ್ಲವೆಂದು ಖಚಿತವಾದವರಿಗೆ ಮಾತ್ರ ಮುಂದಿನ ವಿವರಣೆ ಅನ್ವಯಿಸುತ್ತದೆ.

ಚಕ್ರವನ್ನು ಹಿಡಿದಿರುವುದು ಯಾವುದು?

ಕಾರಿನ ಭಾರವೆಲ್ಲವೂ ನಾಲ್ಕು ಅಥವಾ ಐದು ಸ್ಟಡ್‌ಗಳ ಮೇಲೆ ಕುಳಿತಿರುತ್ತದೆಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ಣವಾಗಿ ಸರಿಯಲ್ಲ. ನಟ್ಟನ್ನು ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗಿ, ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತದೆ. ಆ ಎಳೆತದಿಂದ ಚಕ್ರದ ಬೆನ್ನು ಹಬ್‌ನ ಮುಖಕ್ಕೆ ಅದುಮಿಕೊಳ್ಳುತ್ತದೆ. ಹೀಗೆ ಅದುಮಿಕೊಂಡ ಎರಡು ಲೋಹಗಳ ನಡುವಣ ಘರ್ಷಣೆಯೇ ಚಕ್ರವನ್ನು ಮುಖ್ಯವಾಗಿ ಹಿಡಿದಿಡುತ್ತದೆ. 12 ಮಿಲಿಮೀಟರ್ ವ್ಯಾಸದ ಸ್ಟಡ್‌ನ ಒಣ ನಟ್ಟನ್ನು 100 ನ್ಯೂಟನ್-ಮೀಟರ್ ಟಾರ್ಕಿಗೆ ಬಿಗಿದರೆ ಸುಮಾರು 4 ಟನ್ ಭಾರಕ್ಕೆ ಸಮನಾದ ಎಳೆತ ಉಂಟಾಗುತ್ತದೆ. ನಾಲ್ಕು ಸ್ಟಡ್‌ಗಳು ಸೇರಿದರೆ ಅದು 16 ಟನ್.

ಈ ಅದುಮು ಇರುವವರೆಗೆ ಸ್ಟಡ್ ಬಹುಮಟ್ಟಿಗೆ ಸುರಕ್ಷಿತ. ಅದು ಸಡಿಲವಾಯಿತೆಂದರೆ ಚಕ್ರದ ಪ್ರತಿ ಸುತ್ತಿಗೂ ಸ್ಟಡ್ ಅತ್ತಿತ್ತ ಬಾಗತೊಡಗುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ ಅದೂ ಒಂದು ದಿನ ತುಂಡಾಗುತ್ತದೆ. ಒಂದು ಮುರಿದರೆ ಉಳಿದವುಗಳ ಮೇಲೆ ಹೊರೆ ಹೆಚ್ಚುತ್ತದೆ. ಅವು ಹೆಚ್ಚು ಕಾಲ ತಾಳುವುದಿಲ್ಲ. ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯಂತಹ ದಟ್ಟಣೆಯ ರಸ್ತೆಯಲ್ಲಿ ಕಳಚಿಕೊಂಡ ಚಕ್ರವು ಯಾರತ್ತ ಉರುಳುವುದೆಂದು ಹೇಳಲಾಗದು. ಕಾರಿನೊಳಗೆ ಕುಳಿತವರಿಗಿಂತ ಬಸ್ ನಿಲ್ದಾಣದಲ್ಲಿ ನಿಂತವರಿಗೇ ಅಪಾಯ ಹೆಚ್ಚಿರಬಹುದು.

ಇದರಿಂದ ಸ್ಪಷ್ಟವಾಗುವ ಅಂಶವೊಂದಿದೆ. ಸ್ಪೇಸರಿನ ದಪ್ಪದಷ್ಟೂ ಸ್ಟಡ್ ಒಳಗೇ ಉಳಿದು ಹೋಗುವುದರಿಂದ ನಟ್ಟಿಗೆ ಸಿಗುವ ತಿರುಪಿನ ಭಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಅಪಾಯದ ಬೇರು ಇರುವುದು ಇಲ್ಲಿಯೇ.

ನಟ್ಟಿನ ಸುತ್ತುಗಳನ್ನು ಎಣಿಸಿ

ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದದ ತಿರುಪನ್ನು ನಟ್ ಕಚ್ಚಿ ಹಿಡಿದಿರಬೇಕೆಂಬುದು ವಾಡಿಕೆಯ ಲೆಕ್ಕ. 12 ಮಿ.ಮೀ. ಸ್ಟಡ್‌ಗೆ 12 ಮಿ.ಮೀ. ಹಿಡಿತ ಬೇಕು. ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಸ್ಪೇಸರ್ ಮತ್ತು ಚಕ್ರವನ್ನು ಕೂರಿಸಿ, ನಟ್ಟನ್ನು ಬೆರಳಿನಿಂದಲೇ ತಿರುಗಿಸುತ್ತ, ಅದು ತಿರುಪನ್ನು ಹಿಡಿದ ಕ್ಷಣದಿಂದ ಚಕ್ರಕ್ಕೆ ತಾಗುವವರೆಗೆ ಎಷ್ಟು ಪೂರ್ಣ ಸುತ್ತುಗಳಾದುವೆಂದು ಎಣಿಸಬೇಕು. ತಿರುಪಿನ ಅಂತರ 1.5 ಮಿ.ಮೀ. ಇರುವ ಕಾರುಗಳಲ್ಲಿ ಕನಿಷ್ಠ 8 ಸುತ್ತು, ಮಾರುತಿ ಸ್ವಿಫ್ಟ್‌ನಂತೆ 1.25 ಮಿ.ಮೀ. ಇರುವವುಗಳಲ್ಲಿ 10 ಸುತ್ತು ಬರಬೇಕು. ಐದಾರು ಸುತ್ತಿಗೇ ನಟ್ ಕುಳಿತುಬಿಟ್ಟರೆ ಆ ಕಾರನ್ನು ಗ್ಯಾರೇಜಿನಿಂದ ಹೊರಗೆ ತರಬಾರದು. ಮೂರು ಮಿ.ಮೀ. ದಪ್ಪದ ತೆಳು ಬಿಲ್ಲೆಯೂ ಎರಡು ಸುತ್ತುಗಳನ್ನು ನುಂಗುತ್ತದೆಂಬುದನ್ನು ಗಮನಿಸಬೇಕು.

ಮುಚ್ಚಿದ ತಲೆಯ ನಟ್‌ಗಳಲ್ಲಿ ಇನ್ನೊಂದು ಮೋಸವುಂಟು. ಸ್ಟಡ್ ಅತಿ ಉದ್ದವಾದರೆ ಅದರ ತುದಿ ನಟ್ಟಿನ ಒಳತಳಕ್ಕೆ ತಾಗಿ ನಿಲ್ಲುತ್ತದೆ. ಸ್ಪ್ಯಾನರಿಗೆ ಬಿಗಿಯಾದಂತೆ ತೋರುತ್ತದೆ, ಚಕ್ರ ಮಾತ್ರ ಸಡಿಲವಾಗಿಯೇ ಇರುತ್ತದೆ. ಉದ್ದ ಸ್ಟಡ್ ಹಾಕಿಸಿದವರು ಎರಡೂ ಕಡೆ ತೆರೆದ ನಟ್‌ಗಳನ್ನು ಬಳಸುವುದೇ ಮೇಲು. ನಟ್ಟಿನ ಕೂರುವ ಭಾಗವು ಚಕ್ರದ ರಂಧ್ರದ ಆಕಾರಕ್ಕೆ, ಅದು ಶಂಕುವಾಗಲಿ ಗೋಳವಾಗಲಿ ಚಪ್ಪಟೆಯಾಗಲಿ, ಹೊಂದಿರಲೇಬೇಕು.

ಸ್ಪೇಸರಿನ ಆಯ್ಕೆ

ಸ್ಪೇಸರಿನಲ್ಲಿ ಎರಡು ಮುಖ್ಯ ಮಾದರಿಗಳಿವೆ. ಸ್ಟಡ್‌ಗಳ ಮೇಲೆ ಸುಮ್ಮನೆ ತೂರಿಸುವ ಬಿಲ್ಲೆ ಒಂದು. ಇದಕ್ಕೆ ದಪ್ಪಕ್ಕೆ ತಕ್ಕ ಉದ್ದ ಸ್ಟಡ್ ಬೇಕು. ತಾನೇ ಹಬ್‌ಗೆ ನಟ್‌ಗಳಿಂದ ಬಿಗಿಗೊಂಡು, ತನ್ನದೇ ಸ್ಟಡ್‌ಗಳ ಮೇಲೆ ಚಕ್ರವನ್ನು ಹೊರುವ ದಪ್ಪನೆಯ ಮಾದರಿ ಇನ್ನೊಂದು. ಇದು ಸಾಮಾನ್ಯವಾಗಿ 20 ಮಿ.ಮೀ.ಗಿಂತ ಹೆಚ್ಚು ದಪ್ಪವಿರುತ್ತದೆ. ಈ ಮಾದರಿಯಲ್ಲಿ ಕಾರಿನ ಮೂಲ ಸ್ಟಡ್‌ನ ತುದಿಯು ಸ್ಪೇಸರಿನ ಮುಖದಿಂದ ಹೊರಗೆ ಇಣುಕಿದರೆ ಚಕ್ರವು ಸಮನಾಗಿ ಕೂರುವುದಿಲ್ಲ. ಒಳಗಿನ ನಟ್‌ಗಳು ಚಕ್ರ ಬಿಚ್ಚದ ಹೊರತು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವು ಸಡಿಲಗೊಂಡರೂ ತಿಳಿಯುವುದಿಲ್ಲ.

ಹಬ್‌ನ ನಡುವೆ ದುಂಡನೆಯ ಉಬ್ಬು ಇರುತ್ತದೆ. ಚಕ್ರವನ್ನು ನಡುಮಧ್ಯಕ್ಕೆ ತಂದು ನಿಲ್ಲಿಸುವುದು ಇದರ ಕೆಲಸ. ಸ್ವಿಫ್ಟ್‌ನಲ್ಲಿ ಇದಕ್ಕೆ ಹೊಂದುವ ಚಕ್ರದ ನಡುರಂಧ್ರ 54.1 ಮಿ.ಮೀ. ದಪ್ಪನೆಯ ಸ್ಪೇಸರ್ ಈ ಉಬ್ಬನ್ನು ಮುಚ್ಚಿಬಿಡುವುದರಿಂದ ಸ್ಪೇಸರಿಗೇ ಅದೇ ಅಳತೆಯ ಉಬ್ಬು ಇರಬೇಕು. ಇಲ್ಲವಾದರೆ ಸ್ಟೀರಿಂಗ್ ನಡುಗತೊಡಗುತ್ತದೆ. ಹಲವು ಕಾರುಗಳಿಗೆ ಹೊಂದಲೆಂದು ಒಂದೇ ಬಿಲ್ಲೆಯಲ್ಲಿ ಉದ್ದುದ್ದ ಸೀಳುಗಳನ್ನು ಕೊರೆದ ಅಗ್ಗದ ಸ್ಪೇಸರ್‌ಗಳನ್ನು ಕೊಳ್ಳಲೇಬಾರದು. ಅದುಮುವ ಲೋಹವೇ ಅವುಗಳಲ್ಲಿ ಕಡಿಮೆ. ಎರಡು ಸ್ಪೇಸರ್‌ಗಳನ್ನು ಒಂದರ ಮೇಲೊಂದು ಪೇರಿಸುವುದಂತೂ ಸಲ್ಲದು.

ಎಲ್ಲವೂ ಸರಿಯಾಗಿ ಕುಳಿತರೂ ಬೆಲೆ ತೆರಬೇಕಾದದ್ದು ಉಂಟು. ಪ್ರತಿ ಬದಿಗೆ 15 ಮಿ.ಮೀ. ಸ್ಪೇಸರ್ ಎಂದರೆ ಎರಡು ಚಕ್ರಗಳ ನಡುವಣ ಅಗಲ 30 ಮಿ.ಮೀ. ಹೆಚ್ಚಿತು. ಉದ್ದ ಹಿಡಿಯ ಸ್ಪ್ಯಾನರಿನಂತೆ ಚಕ್ರವು ಬೇರಿಂಗಿನ ಮೇಲೆ ಹೆಚ್ಚು ಒತ್ತಡ ಹಾಕುತ್ತದೆ. ಮಳೆಗಾಲದ ಹೊಂಡಗಳಲ್ಲಿ ಸ್ಟೀರಿಂಗ್ ಕೈಯಿಂದ ಎಳೆದಂತಾಗುತ್ತದೆ. ಟೈರು ಮಡ್‌ಗಾರ್ಡಿನಿಂದ ಹೊರಗೆ ಚಾಚಿದರೆ ಹಿಂದೆ ಬರುವ ಸ್ಕೂಟರಿನವನಿಗೆ ಕೆಸರಿನ ಅಭಿಷೇಕ.

ಉದ್ದ ಸ್ಟಡ್ ಹಾಕುವ ಕ್ರಮ

ಕಾರಿನ ಸ್ಟಡ್ ಹಬ್‌ನ ಹಿಂಬದಿಯಿಂದ ಒತ್ತಿ ಕೂರಿಸಿದ ಭಾಗ. ಅದರ ಕತ್ತಿನ ಸುತ್ತ ಸಣ್ಣ ಹಲ್ಲುಗಳಿರುತ್ತವೆ. ಅವು ಹಬ್‌ನ ರಂಧ್ರವನ್ನು ಕಚ್ಚಿಕೊಂಡು ಸ್ಟಡ್ ತಿರುಗದಂತೆ ತಡೆಯುತ್ತವೆ. ಹೊಸ ಸ್ಟಡ್ ಕೊಳ್ಳುವಾಗ ಉದ್ದ ಮತ್ತು ತಿರುಪನ್ನಷ್ಟೇ ನೋಡಿದರೆ ಸಾಲದು. ಈ ಹಲ್ಲುಗಳ ವ್ಯಾಸವನ್ನು ಹಳೆಯ ಸ್ಟಡ್‌ನೊಂದಿಗೆ ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಹೋಲಿಸಬೇಕು. ಸಣ್ಣದಾದರೆ ಸ್ಟಡ್ ರಂಧ್ರದಲ್ಲಿ ಗಿರ್ರನೆ ತಿರುಗುತ್ತದೆ, ದೊಡ್ಡದಾದರೆ ಹಬ್ ಬಿರುಕು ಬಿಡಬಹುದು. ಉಕ್ಕಿನ ದರ್ಜೆ 10.9 ಎಂಬ ಗುರುತನ್ನೂ ನೋಡಬೇಕು. ಕಬ್ಬಿಣದ ಸಾಮಾನಿನ ಅಂಗಡಿಯ ಸಾಧಾರಣ ಬೋಲ್ಟಿನ ತಲೆ ಕತ್ತರಿಸಿ ಬೆಸುಗೆ ಹಾಕಿ ಕೂರಿಸುವ ಜಾಣತನವನ್ನು ಎಂದಿಗೂ ಒಪ್ಪಬಾರದು; ಬೆಸುಗೆಯ ಬಿಸಿ ಉಕ್ಕಿನ ಹದವನ್ನು ಕೆಡಿಸುತ್ತದೆ.

ಸ್ಟಡ್ ಬದಲಿಸಲು ಹಬ್ಬನ್ನು ಬಿಚ್ಚಿ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಸುವುದು ಉತ್ತಮ ಮಾರ್ಗ. ಕಾರಿನ ಮೇಲಿರುವಾಗಲೇ ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ಬೇರಿಂಗಿನ ಗುಂಡುಗಳಿಗೆ ತಾಗಿ, ಕೆಲವು ವಾರಗಳಲ್ಲಿ ಚಕ್ರ ಗುಂಯ್‌ಗುಡತೊಡಗುತ್ತದೆ. ಚಕ್ರದ ನಟ್ಟನ್ನೇ ಗಾಳಿಯ ಗನ್ನಿನಿಂದ ತಿರುಗಿಸಿ ಸ್ಟಡ್ಡನ್ನು ಒಳಗೆಳೆಯುವ ರೂಢಿಯೂ ಇದೆ. ಸ್ಟಡ್ ಮಿತಿಮೀರಿ ಹಿಗ್ಗುವುದರಿಂದ ಅದೂ ಯೋಗ್ಯವಲ್ಲ. ಪೋಲೋ, ಫೇಬಿಯಾದಂತಹ ಕಾರುಗಳಲ್ಲಿ ಸ್ಟಡ್ ಬದಲು ಬೋಲ್ಟ್ ಇರುತ್ತದೆ. ಅಲ್ಲಿ ಸ್ಪೇಸರಿನ ದಪ್ಪದಷ್ಟೇ ಉದ್ದವನ್ನು ಹೆಚ್ಚಿಸಬೇಕು. ಅದಕ್ಕೂ ಮೀರಿದರೆ ಬೋಲ್ಟಿನ ತುದಿ ಒಳಗಿನ ಬ್ರೇಕಿನ ಭಾಗಗಳಿಗೆ ತಗಲಬಹುದು.

ಜೋಡಣೆಗೆ ಮುನ್ನ ಹಬ್‌ನ ಮುಖವನ್ನು ತಂತಿಯ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಉಳಿದ ತುಕ್ಕು ಓಡಾಟದಲ್ಲಿ ಪುಡಿಯಾಗಿ ಉದುರಿದಂತೆಲ್ಲ ಅದುಮು ತಗ್ಗುತ್ತದೆ. ಸ್ಪೇಸರನ್ನು ಇಟ್ಟು ಬೆರಳಿನಿಂದ ಅಲುಗಿಸಿ ನೋಡಬೇಕು. ತಿರುಪಿಗೆ ಎಣ್ಣೆ, ಗ್ರೀಸು ಬಳಿಯಬಾರದು. ಜಾರಿಕೆ ಹೆಚ್ಚಿ, ಅದೇ ಟಾರ್ಕಿಗೆ ಸ್ಟಡ್ ಮೇಲಿನ ಎಳೆತ ಮಿತಿ ಮೀರುತ್ತದೆ. ನಟ್‌ಗಳನ್ನು ಎದುರುಬದುರಾಗಿ ಕೈಯಿಂದ ಬಿಗಿದು, ಚಕ್ರವನ್ನು ನೆಲಕ್ಕೆ ತಾಗಿಸಿ, ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಪೂರೈಸಬೇಕು. ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಕುಣಿಯುವುದು ಅಳತೆಯಲ್ಲ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡುವುದು ಕಡ್ಡಾಯ. ದಪ್ಪ ಮಾದರಿಯಾದರೆ ಚಕ್ರ ಬಿಚ್ಚಿ ಒಳಗಿನ ನಟ್‌ಗಳನ್ನೂ ನೋಡಬೇಕು.

ಕಡಲು, ಮಳೆ ಮತ್ತು ಊರಿನ ದಾರಿ

ಮುಂಬಯಿಯ ಹವೆಯಲ್ಲಿ ಉಪ್ಪಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮೀರಿದ ಮಳೆಯಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದುದನ್ನು ನಗರ ಮರೆತಿಲ್ಲ. ಉಕ್ಕಿನ ಹಬ್ ಮತ್ತು ಅಲ್ಯೂಮಿನಿಯಂ ಸ್ಪೇಸರ್ ಉಪ್ಪುನೀರಿನಲ್ಲಿ ಜೊತೆಯಾಗಿದ್ದರೆ ಅಲ್ಯೂಮಿನಿಯಂ ಬೇಗ ಸವೆದು ಬಿಳಿಯ ಪುಡಿಯಾಗಿ ಕಟ್ಟಿಕೊಳ್ಳುತ್ತದೆ. ಸ್ಪೇಸರ್ ಹಬ್‌ಗೆ ಅಂಟಿಬಿಡುವುದೂ ಉಂಟು. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಚ್ಚಿ ಶುಚಿಗೊಳಿಸುವುದು ಲೇಸು.

ಮೇ ತಿಂಗಳ ರಜೆಗೋ ದೀಪಾವಳಿಗೋ ಸಂಸಾರ, ಸಾಮಾನು ಸಮೇತ ಪನವೇಲಿನಿಂದ 66ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದು ಉಡುಪಿ, ಮಂಗಳೂರಿನ ಕಡೆ ಹೊರಡುವವರು ಹಿಂದಿನ ದಿನವೇ ಟಾರ್ಕ್ ಪರೀಕ್ಷಿಸಿಕೊಳ್ಳಬೇಕು. ಹೊಸದಾಗಿ ಸ್ಪೇಸರ್ ಹಾಕಿಸಿದ ಮರುದಿನವೇ ಇಷ್ಟು ದೂರದ ಪ್ರಯಾಣ ಬೇಡ. ಓಡಿಸುವಾಗ ಹೊಸದಾಗಿ ಟಕ್‌ಟಕ್ ಸದ್ದು ಅಥವಾ ನಡುಕ ಕಂಡುಬಂದರೆ ಮುಂದಿನ ಊರು ಬರಲೆಂದು ಕಾಯದೆ ಅಲ್ಲಿಯೇ ಬದಿಗೆ ನಿಲ್ಲಿಸಿ ನೋಡಬೇಕು.

ಸ್ಟೆಪ್ನಿಯ ವಿಷಯವನ್ನು ಹಲವರು ಮರೆಯುತ್ತಾರೆ. ಸ್ಟೆಪ್ನಿಯು ತೆಳುವಾದ ಉಕ್ಕಿನ ಚಕ್ರವಾಗಿದ್ದು, ಅಲಾಯ್ ಚಕ್ರದ ನಟ್‌ಗಳು ಅದಕ್ಕೆ ಹೊಂದದೆ ಇರಬಹುದು. ಸ್ಪೇಸರ್ ಹಾಕಿಸಿದ ದಿನವೇ ಸ್ಟೆಪ್ನಿಯನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಕೂರಿಸಿ ನೋಡಿ, ಬೇರೆ ನಟ್ ಬೇಕಾದಲ್ಲಿ ಒಂದು ಚಕ್ರಕ್ಕೆ ಸಾಲುವಷ್ಟನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು. ಟಾರ್ಕಿನ ಅಳತೆ, ಸ್ಪೇಸರಿನ ದಪ್ಪ ಮತ್ತು ನಟ್ಟಿನ ಸುತ್ತುಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ವಾಹನದ ಕಾಗದಪತ್ರಗಳೊಡನೆ ಇರಿಸಿದರೆ, ದಾರಿಯಲ್ಲಿ ಪಂಕ್ಚರ್ ಹಾಕುವ ಅಪರಿಚಿತ ಹುಡುಗನಿಗೂ ಅದನ್ನು ತೋರಿಸಬಹುದು.