‘ಲಿಟರಲಿ’ ಮತ್ತು ‘ಅಕ್ಷರಶಃ’: ಅರ್ಥ ಹಾಗೂ ಪ್ರಯೋಗ

ಇಂಗ್ಲಿಷಿನ ‘ಲಿಟರಲಿ’ ಎಂಬ ಕ್ರಿಯಾವಿಶೇಷಣಕ್ಕೆ ಕನ್ನಡದಲ್ಲಿ ‘ಅಕ್ಷರಶಃ’ ಎಂಬುದು ರೂಢಿಯ ಸಮಾನಪದ. ಮೊದಲನೆಯದು ಅಕ್ಷರವೆಂಬ ಅರ್ಥದ ಲ್ಯಾಟಿನ್ ‘ಲಿಟ್ಟೆರಾ’ದಿಂದ ಬಂದಿದೆ, ಎರಡನೆಯದು ಸಂಸ್ಕೃತದ ‘ಅಕ್ಷರ’ಕ್ಕೆ ‘ಶಸ್’ ಪ್ರತ್ಯಯ ಸೇರಿ ಆಗಿದೆ. ‘ವಾಚ್ಯಾರ್ಥದಲ್ಲಿ’ ಎಂಬುದು ಎರಡರ ಮೂಲಾರ್ಥ. ಆದರೆ ‘ನಕ್ಕು ನಕ್ಕು ಲಿಟರಲಿ ಸತ್ತೆ’ ಎನ್ನುವವನು ಬದುಕಿಯೇ ಇರುತ್ತಾನೆ. ಈ ಪ್ರಯೋಗವನ್ನು ತಪ್ಪೆನ್ನಬೇಕೆ, ಅನುವಾದದಲ್ಲಿ ಇದನ್ನು ಹೇಗೆ ತರಬೇಕು ಎಂಬುದು ವಿಚಾರಾರ್ಹ.

ಇದು ಇಂದಿನ ಯುವಜನರ ಅಶುದ್ಧ ಪ್ರಯೋಗವೆಂಬ ಅಭಿಪ್ರಾಯವುಂಟು. ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ಫ್ರಾನ್ಸಸ್ ಬ್ರೂಕ್ ಅವರ ‘ದ ಹಿಸ್ಟರಿ ಆಫ್ ಎಮಿಲಿ ಮಾಂಟೆಗ್ಯೂ’ (1769) ಕಾದಂಬರಿಯಲ್ಲಿ, ಮಾರ್ಕ್ ಟ್ವೇನ್‌ನ ‘ಟಾಮ್ ಸಾಯರ್’ನಲ್ಲಿ (1876) ಇಂತಹ ಪ್ರಯೋಗಗಳಿವೆ. 1909ರ ವೆಬ್‌ಸ್ಟರ್ ನಿಘಂಟು ಇದನ್ನು ಗುರುತಿಸಿದೆ. ಆಕ್ಸ್‌ಫರ್ಡ್ ನಿಘಂಟಿನ 2011ರ ಪರಿಷ್ಕರಣೆಯಲ್ಲೂ ಇದು ದಾಖಲಾಗಿದೆ. ಸತ್ಯವಾಚಕ ಪದವು ಒತ್ತುಪದವಾಗುವುದು ಹೊಸತಲ್ಲ. ‘ವೆರಿ’ ಪದವೂ ‘ನಿಜವಾದ’ ಎಂಬರ್ಥದ ಹಳೆಯ ಫ್ರೆಂಚ್ ಪದದಿಂದಲೇ ಬಂದುದು.

‘ಲಿಟರಲಿ’ಗೆ ಈಗ ‘ಆಲಂಕಾರಿಕವಾಗಿ’ ಎಂಬ ವಿರುದ್ಧಾರ್ಥ ಬಂದಿದೆಯೆಂಬ ವಿವರಣೆಯೂ ಸರಿಯಲ್ಲ. ಹೇಳುವವನು ತನ್ನದು ಅಲಂಕಾರವೆಂದು ಸಾರುತ್ತಿಲ್ಲ. ‘ಅಂತೆ’, ‘ಹಾಗೆ’ಗಳನ್ನು ಅಳಿಸಿ ಉಪಮೇಯ–ಉಪಮಾನಗಳ ಅಭೇದವನ್ನು ಬಲಪಡಿಸುತ್ತಿದ್ದಾನೆ. ಇದು ರೂಪಕದ ಕೆಲಸ. ‘ಕಣ್ಣೆದುರಿಗೆ, ಪ್ರತ್ಯಕ್ಷವಾಗಿ’ ಎಂಬ ಮೂಲಾರ್ಥದ ‘ಸಾಕ್ಷಾತ್’ ಪದ ಕನ್ನಡದಲ್ಲಿ ಇದನ್ನೇ ಮಾಡುತ್ತದೆ. ‘ಅವನು ಸಾಕ್ಷಾತ್ ಯಮ’ ಎಂದಾಗ ಯಾರೂ ವಾಚ್ಯಾರ್ಥವನ್ನು ಹಿಡಿದು ಆಕ್ಷೇಪಿಸುವುದಿಲ್ಲ.

ಪತ್ರಿಕಾಭಾಷೆಯ ‘ಮಳೆಗೆ ನಗರ ಅಕ್ಷರಶಃ ನರಕವಾಯಿತು’ ಎಂಬಂತಹ ವಾಕ್ಯಗಳಲ್ಲಿ ‘ಅಕ್ಷರಶಃ’ ಕೂಡ ಇದೇ ದಾರಿ ಹಿಡಿದಿದೆ. ಆದರೂ ಅನುವಾದಕನು ಎಲ್ಲೆಡೆ ಇದೊಂದನ್ನೇ ಬಳಸಿದರೆ ಆಡುಮಾತಿನ ಲಯ ಕೆಡುತ್ತದೆ. ಏಕೆಂದರೆ ಇದು ಬರೆಹದ ಪದ. ಮೇಲಿನ ಇಂಗ್ಲಿಷ್ ವಾಕ್ಯಕ್ಕೆ ‘ನಕ್ಕು ನಕ್ಕು ಸತ್ತೇ ಹೋದೆ’ ಎಂದರೆ ಸಾಕು. ಇಲ್ಲಿ ಒತ್ತನ್ನು ಹೊತ್ತಿರುವುದು ಬೇರೊಂದು ಪದವಲ್ಲ, ಅವಧಾರಣೆಯ ‘ಏ’. ನಾಮಪದಾಧಾರಿತ ರೂಪಕಕ್ಕೆ ‘ಸಾಕ್ಷಾತ್’, ಸಾಮಾನ್ಯ ಒತ್ತಿಗೆ ‘ನಿಜಕ್ಕೂ’ ಒದಗುತ್ತವೆ. ‘ಹೇಳಿದ್ದನ್ನು ಅಕ್ಷರಶಃ ಪಾಲಿಸಿದನು’ ಎಂಬಂತಹ ವಾಚ್ಯಾರ್ಥದ ಸಂದರ್ಭಕ್ಕೆ ‘ಅಕ್ಷರಶಃ’ವನ್ನು ಉಳಿಸಿಕೊಳ್ಳುವುದು ಉಚಿತ.

ಒಟ್ಟಿನಲ್ಲಿ, ದ್ವಿಭಾಷಾ ನಿಘಂಟುಗಳು ಈ ಪದಕ್ಕೆ ಒಂದೇ ಸಮಾನಪದ ನೀಡಿ ನಿಲ್ಲದೆ ಪ್ರಯೋಗಭೇದವನ್ನೂ ಸೂಚಿಸುವುದು ಅಗತ್ಯ. ತರಗತಿಯಲ್ಲಿಯೂ ಇದನ್ನು ತಪ್ಪೆಂದು ತಿದ್ದುವುದಕ್ಕಿಂತ ಲಕ್ಷಣಾರ್ಥದ ಪಾಠಕ್ಕೆ ಜೀವಂತ ಉದಾಹರಣೆಯಾಗಿ ಬಳಸುವುದು ಹೆಚ್ಚು ಪ್ರಯೋಜನಕಾರಿ.