ಅಮೆರಿಕದಿಂದ ಊರಿಗೆ ಕಾಗದ: ಸ್ಟ್ಯಾಂಪಿನ ಲೆಕ್ಕ

ಫೋನು, ವಾಟ್ಸ್ಆ್ಯಪ್ ಏನೇ ಬಂದರೂ ಊರಿನ ಹಿರಿಯರಿಗೆ ಕೈಯಾರೆ ಕಾಗದ ಬರೆಯುವುದನ್ನು ನಾನು ಬಿಟ್ಟಿಲ್ಲ. ಹಾಗಾಗಿ ಕನ್ನಡ ಕೂಟದಲ್ಲಿ ಯಾರಿಗೆ ಅಂಚೆಯ ಅನುಮಾನ ಬಂದರೂ ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಇಲ್ಲಿರುವ ದರಗಳು 2025ರ ಜುಲೈ 13ರಂದು ಜಾರಿಗೆ ಬಂದವು. ದರ ಆಗಾಗ ಏರುವುದರಿಂದ ಅಮೆರಿಕದ ಅಂಚೆ ಇಲಾಖೆಯಾದ ಯುಎಸ್‌ಪಿಎಸ್ ಜಾಲತಾಣದಲ್ಲಿ ಒಮ್ಮೆ ನೋಡಿಕೊಂಡೇ ಹಾಕಿ.

1. ಮೊದಲು ತೂಕ. ಒಂದು ಔನ್ಸ್, ಅಂದರೆ 28 ಗ್ರಾಂ ಚಿಲ್ಲರೆ ಮೀರದ ಕಾಗದಕ್ಕೆ ಭಾರತವಾಗಲಿ ಜಪಾನಾಗಲಿ ಒಂದೇ ದರ: 1 ಡಾಲರ್ 70 ಸೆಂಟ್. ಇಲ್ಲಿನ ಮಾಮೂಲಿ ಹಾಳೆ ನಾಲ್ಕೂವರೆ ಗ್ರಾಂ, ಉದ್ದನೆಯ ಲಕೋಟೆ ಸುಮಾರು ಏಳು ಗ್ರಾಂ. ನಾಲ್ಕು ಹಾಳೆ ನಿಶ್ಚಿಂತೆಯಾಗಿ ಇಡಬಹುದು. ಫೋಟೋ ಇಡುವವರು ಮಾತ್ರ ಹುಷಾರಾಗಿರಬೇಕು. ನಾಲ್ಕು-ಆರು ಇಂಚಿನ ಒಂದು ಫೋಟೋ ಹೆಚ್ಚುಕಡಿಮೆ ಒಂದು ಹಾಳೆಯಷ್ಟೇ ತೂಗುತ್ತದೆ. ಎರಡು ಹಾಳೆ, ಎರಡು ಫೋಟೋ ಸರಿ. ಮೂರನೆಯ ಫೋಟೋ ಸೇರಿಸುವ ಮುಂಚೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆಯಿರಿ. ಒಂದೇ ಗ್ರಾಂ ಹೆಚ್ಚಾದರೂ ಎರಡು ಔನ್ಸಿನ ದರ ಕಟ್ಟಬೇಕು, ಅಲ್ಲಿಂದ ಮುಂದೆ ದೇಶ ನೋಡಿ ದರ.

2. ಗ್ಲೋಬಲ್ ಫಾರೆವರ್ ಇಟ್ಟುಕೊಳ್ಳಿ. 2013ರಲ್ಲಿ ಬಂದ ಈ ದುಂಡನೆಯ ಸ್ಟ್ಯಾಂಪಿಗೆ ಆಗ 1 ಡಾಲರ್ 10 ಸೆಂಟ್ ಇತ್ತು. ಅಂದು ಕೊಂಡದ್ದನ್ನು ಇವತ್ತು ಹಚ್ಚಿದರೂ ಒಂದು ಔನ್ಸಿನ ಕಾಗದ ಹೋಗುತ್ತದೆ. ಮನೆಯಲ್ಲಿ ದೇಶದೊಳಗಿನ ಫಾರೆವರ್ ಮಾತ್ರ ಇದ್ದರೆ, ಒಂದಕ್ಕೆ 78 ಸೆಂಟಿನಂತೆ ಎರಡಕ್ಕೆ 1 ಡಾಲರ್ 56 ಸೆಂಟ್. ಇನ್ನೂ 14 ಸೆಂಟ್ ಕಡಿಮೆ. ಮೂರನೆಯದನ್ನು ಹಚ್ಚಿದರೆ 64 ಸೆಂಟ್ ದಂಡ. ಹತ್ತು ಸೆಂಟಿನದೊಂದು, ಐದು ಸೆಂಟಿನದೊಂದು ಜೊತೆಗೆ ಹಚ್ಚಿ, ಒಂದೇ ಸೆಂಟ್ ಹೆಚ್ಚಾಗುತ್ತದೆ.

3. ಆಕಾರಕ್ಕೂ ದರ ಉಂಟು. ಚೌಕಾಕಾರದ ಲಕೋಟೆ ನೋಡಲು ಚೆಂದ, ಆದರೆ ವಿಂಗಡಿಸುವ ಯಂತ್ರಕ್ಕೆ ಒಗ್ಗುವುದಿಲ್ಲ. ಅದಕ್ಕೆ 49 ಸೆಂಟ್ ಹೆಚ್ಚುವರಿ. ಉದ್ದ ಅಗಲದ 1.3 ಪಟ್ಟಾದರೂ ಇರಬೇಕು. ಗೃಹಪ್ರವೇಶ, ಉಪನಯನದ ಆಮಂತ್ರಣ ಅಚ್ಚು ಹಾಕಿಸುವವರು ಲಕೋಟೆ ಆರಿಸುವ ಮೊದಲೇ ಇದನ್ನು ನೋಡಿಕೊಂಡರೆ ಒಳ್ಳೆಯದು.

4. ಒಳಗೆ ಕಾಗದಪತ್ರ ಮಾತ್ರ. ಇದನ್ನು ಹೇಳಿದರೆ ಎಲ್ಲರಿಗೂ ಬೇಸರ, ನನಗೂ ಬೇಸರವೇ. ಆಮಂತ್ರಣದ ಜೊತೆ ಮಂತ್ರಾಕ್ಷತೆ, ಕುಂಕುಮದ ಪೊಟ್ಟಣ ಇಡುವುದು ನಮ್ಮ ಪದ್ಧತಿ; ತಂಗಿಯಂದಿರು ಲಕೋಟೆಯಲ್ಲೇ ರಾಖಿ ಇಟ್ಟು ಕಳಿಸುತ್ತಾರೆ. ಆದರೆ 2018ರಿಂದ ಹೊರದೇಶದ ಪತ್ರದ ದರದಲ್ಲಿ ವಸ್ತುಗಳಿಗೆ ಅವಕಾಶವಿಲ್ಲ. ಎಷ್ಟೇ ಹಗುರವಾಗಿರಲಿ, ಅದು ಪಾರ್ಸೆಲ್. ಕಸ್ಟಮ್ಸ್ ಫಾರಂ ತುಂಬಬೇಕು, ಖರ್ಚು ಎಷ್ಟೋ ಪಟ್ಟು. ಕುಂಕುಮ ಊರಿನಲ್ಲೇ ಸಿಗುತ್ತದೆ, ಆಮಂತ್ರಣವನ್ನಷ್ಟೇ ಕಳಿಸಿ.

5. ಕಳಿಸುವವರ ವಿಳಾಸ ತಪ್ಪಿಸಬೇಡಿ. ಸ್ಟ್ಯಾಂಪ್ ಸಾಲದಿದ್ದರೆ ಕಾಗದ ನಿಮಗೇ ವಾಪಸ್ಸಾಗುತ್ತದೆ, ಬಾಕಿ ಹಚ್ಚಿ ಮತ್ತೆ ಹಾಕಬಹುದು.

6. ತಲುಪುವ ವಿಳಾಸ ಇಂಗ್ಲಿಷಿನಲ್ಲಿ, ಆರು ಅಂಕಿಯ ಪಿನ್‌ಕೋಡ್ ಸಮೇತ ಇರಲಿ. ಕೊನೆಯ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಇಂಡಿಯಾ ಎಂದಷ್ಟೇ. ಹಳ್ಳಿಯ ವಿಳಾಸವಾದರೆ ಪಕ್ಕದಲ್ಲಿ ಸಣ್ಣದಾಗಿ ಕನ್ನಡದಲ್ಲೂ ಹೆಸರು, ಮನೆತನ ಬರೆಯುತ್ತೇನೆ. ಇಲ್ಲಿನ ಯಂತ್ರ ಇಂಗ್ಲಿಷ್ ಓದಿಕೊಳ್ಳಲಿ, ಅಲ್ಲಿನ ಪೋಸ್ಟ್‌ಮನ್ ಕನ್ನಡ ಓದಿಕೊಳ್ಳಲಿ.

7. ಉತ್ತರಕ್ಕೆಂದು ಅಮೆರಿಕದ ಸ್ಟ್ಯಾಂಪ್ ಹಚ್ಚಿದ ಲಕೋಟೆ ಇಡಬೇಡಿ. ಭಾರತದ ಅಂಚೆಯಲ್ಲಿ ಅದು ನಡೆಯುವುದಿಲ್ಲ. ಬೇರೆ ದೇಶದಲ್ಲಿ ಸ್ಟ್ಯಾಂಪಿಗೆ ಬದಲಾಯಿಸಿಕೊಳ್ಳಬಹುದಾದ ಅಂತರರಾಷ್ಟ್ರೀಯ ಉತ್ತರ ಕೂಪನ್ನು ಮಾರುವುದನ್ನೂ ಇಲ್ಲಿನ ಅಂಚೆ ಇಲಾಖೆ 2013ರಲ್ಲೇ ನಿಲ್ಲಿಸಿತು. ನಿಮ್ಮ ವಿಳಾಸ ಬರೆದ ಖಾಲಿ ಲಕೋಟೆಯೊಂದನ್ನು ಮಡಚಿ ಇಡಿ, ತೂಕದಲ್ಲಿ ಅದನ್ನೂ ಸೇರಿಸಿಕೊಳ್ಳಿ. ಸ್ಟ್ಯಾಂಪನ್ನು ಊರಿನಲ್ಲಿರುವ ತಮ್ಮನೋ ಅಣ್ಣನ ಮಗಳೋ ಅಲ್ಲಿನ ಪೋಸ್ಟ್ ಆಫೀಸಿನಿಂದ ತಂದುಕೊಡುತ್ತಾರೆ.