ಮಿದುಳಿನ ಉರಿಯೂತ: ರಿಪೋರ್ಟ್ ಒಂದೇ ನೋಡಬೇಡಿ



ಚೆನ್ನಾಗಿದ್ದ ಹುಡುಗಿ ಹತ್ತು ಹದಿನೈದು ದಿನಗಳಲ್ಲಿ ನಿದ್ದೆಗೆಟ್ಟು, ತನ್ನಷ್ಟಕ್ಕೆ ಮಾತಾಡುತ್ತಾಳೆ. ಮನೆಯವರಿಗೇ ಹೆದರುತ್ತಾಳೆ. ಆಮೇಲೆ ಫಿಟ್ಸ್ ಬರುತ್ತದೆ, ಬಾಯಿ ತಾನಾಗಿ ಆಡುತ್ತದೆ, ಮಾತು ನಿಲ್ಲುತ್ತದೆ. ಓಣಿಯವರು "ಗಾಳಿ ಸೋಕೈತಿ, ತಾಯಿತ ಕಟ್ಟಸ್ರಿ" ಅನ್ನುತ್ತಾರೆ. ಇದು ಮಿದುಳಿನ ಉರಿಯೂತ ಇರಬಹುದು.

ರೋಗಾಣುಗಳನ್ನು ಹೊಡೆಯಲು ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕೆಲವರಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಂತೆ ಅವು ಮಿದುಳಿನ ಮೇಲೇ ಬೀಳುತ್ತವೆ. ಇಂಥದ್ದೊಂದು ರೋಗವನ್ನು, ಎನ್‌ಎಂಡಿಎ ಬಗೆಯದನ್ನು, 2007ರಲ್ಲಿ ಡಾ. ಜೋಸೆಪ್ ಡಾಲ್ಮಾವು ಮತ್ತು ಸಂಗಡಿಗರು ಗುರುತಿಸಿದರು. ಇದು ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳಿಗೆ ಬರುತ್ತದೆ. ಕೆಲವರಿಗೆ ಅಂಡಾಶಯದ ಗಡ್ಡೆಯೇ ಮೂಲ. ತಲೆಯ ರೋಗಕ್ಕೆ ಹೊಟ್ಟೆ ಸ್ಕ್ಯಾನಿಂಗ್ ಯಾಕೆ ಎಂದು ಜಗಳಾಡಬೇಡಿ.

ಈಗ ಪರೀಕ್ಷೆಯ ಮಾತು. "ನೆಗೆಟಿವ್ ಬಂತು, ರೋಗ ಇಲ್ಲ" ಅನ್ನುವಂತಿಲ್ಲ. ಎನ್‌ಎಂಡಿಎ ರೋಗದಲ್ಲಿ ರಕ್ತದಲ್ಲಿ ಕಾಣದ್ದು ಬೆನ್ನಿನ ನೀರಿನಲ್ಲಿ ಕಾಣಬಹುದು. "ಬೆನ್ನಾಗಿನ ನೀರು ತಗದ್ರ ಕಾಲು ಬೀಳ್ತಾವು" ಎಂಬ ಹೆದರಿಕೆ ನಮ್ಮಲ್ಲಿ ಬಹಳ. ಮಿದುಳುಬಳ್ಳಿ ಮುಗಿದ ಕೆಳಭಾಗದಲ್ಲಿ ಸೂಜಿ ಹಾಕುತ್ತಾರೆ. ಕೆಲವರಿಗೆ ಕೆಲವು ದಿನ ತಲೆನೋವು ಬರುತ್ತದೆ. ಅದೇ ನೀರಿನಲ್ಲಿ ಟಿ.ಬಿ., ಹರ್ಪಿಸ್ ಸೋಂಕನ್ನೂ ಹುಡುಕುತ್ತಾರೆ, ಅವೂ ಹೀಗೇ ಕಾಣುತ್ತವೆ. ವಯಸ್ಸಾದವರಲ್ಲಿ ಮುಖ, ಕೈ ದಿನಕ್ಕೆ ಹತ್ತಾರು ಸಲ ಜಗ್ಗುವ ಎಲ್‌ಜಿಐ1 ಬಗೆಯಲ್ಲಿ ಮಾತ್ರ ಇದು ತಿರುಗಾಮುರುಗಾ: ಅಲ್ಲಿ ರಕ್ತವೇ ಹೆಚ್ಚು ಹೇಳುತ್ತದೆ.

"ಪಾಸಿಟಿವ್" ಬಂದರೂ ಗಾಬರಿ ಬೇಡ. ಥೈರಾಯ್ಡ್ ವಿರುದ್ಧದ ಪ್ರತಿಕಾಯ ಆರೋಗ್ಯವಂತ ಹೆಂಗಸರಲ್ಲೂ ಸಿಗುತ್ತದೆ. ಜಿಎಡಿ ಎಂಬುದು ಸ್ವಲ್ಪ ಪ್ರಮಾಣದಲ್ಲಿ ಸಕ್ಕರೆ ಕಾಯಿಲೆಯವರಲ್ಲಿ ಇರಬಹುದು. ನಾನು ಡಾಕ್ಟರ್ ಅಲ್ಲ, ಆದರೆ ಇಷ್ಟು ಗೊತ್ತು: ಕಾಗದಕ್ಕಿಂತ ಮೊದಲು ರೋಗಿಯನ್ನು ನೋಡಬೇಕು.

ರಿಪೋರ್ಟಿಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಲಕ್ಷಣ, ಎಂಆರ್‌ಐ, ಇಇಜಿ ನೋಡಿ ಅದಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡಬಹುದೆಂದು 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಬರೆದಿದ್ದಾರೆ. 2013ರಲ್ಲಿ ಪ್ರಕಟವಾದ 577 ಎನ್‌ಎಂಡಿಎ ರೋಗಿಗಳ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದು ಎರಡು ವರ್ಷ ನಿಗಾದಲ್ಲಿದ್ದವರ ಪೈಕಿ ಹತ್ತರಲ್ಲಿ ಸುಮಾರು ಎಂಟು ಮಂದಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರಿಗೆ ಹೆಚ್ಚು ಗುಣ.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಲ್ಲಿಗೇ ಹೋದರೂ ಹಳೆಯ ಕಾಗದಗಳೆಲ್ಲ ಕೈಯಲ್ಲಿರಲಿ. ರಕ್ತ ತೆಗೆದ ತಾರೀಖು, ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಕೊಟ್ಟ ತಾರೀಖು ಎರಡನ್ನೂ ಬರೆದಿಡಿ. ಆ ಔಷಧಿಯಲ್ಲಿ ಬೇರೆಯವರ ಪ್ರತಿಕಾಯಗಳಿರುತ್ತವೆ. ಅದಾದ ಮೇಲೆ ತೆಗೆದ ರಕ್ತ ಸುಳ್ಳು ಪಾಸಿಟಿವ್ ತೋರಿಸಬಹುದು.